ದುವಾಲಾದಿಂದ ಬಂದ ತಂಗಿ

ದುವಾಲಾ ಎಂಬ ಊರಿನ ಹೆಸರು ನನಗೆ ಅಪ್ಪನ ಮುಖಕ್ಕಿಂತ ಮೊದಲು ಪರಿಚಯವಾಯಿತು. ನಾನಿನ್ನೂ ಅಂಬೆಗಾಲಿಡುತ್ತಿದ್ದಾಗ ಅಪ್ಪ ಜಮಖಂಡಿ ಬಿಟ್ಟು ಮುಂಬಯಿಗೆ ಹೋಗಿ, ಅಲ್ಲಿಂದ ಒಂದು ಪಲ್ಟಣದ ಸಿಂಪಿಗನಾಗಿ ಹಡಗು ಹತ್ತಿದ್ದನಂತೆ. ಜರ್ಮನರ ಮೇಲೆ ದೊಡ್ಡ ಯುದ್ಧ ನಡೆದಿದ್ದ ಕಾಲ ಅದು; ಸಿಪಾಯಿಗಳ ಜೊತೆ ಅವರ ಅಂಗಿ ಹೊಲಿಯುವವರೂ ಬೇಕಾಗಿದ್ದರು. ಯುದ್ಧ ಮುಗಿದು ಸಿಪಾಯಿಗಳು ಮರಳಿದರು, ಅಪ್ಪ ಮರಳಲಿಲ್ಲ. ಮುಧೋಳದ ಕಡೆಯ ಒಬ್ಬ ಸಿಪಾಯಿ ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಆಫ್ರಿಕಾದ ಪಡುವಣ ದಂಡೆಯ ನಡುವಿನಲ್ಲಿ ದುವಾಲಾ ಎಂಬ ದೊಡ್ಡ ಬಂದರು ಇದೆ, ಈರಪ್ಪ ಅಲ್ಲೇ ಒಂದು ಅರಿವೆಯಂಗಡಿಯಲ್ಲಿ ಹೊಲಿಗೆಗೆ ನಿಂತುಬಿಟ್ಟ, ಎಂದು ಹೇಳಿ ಹೋದ. ಮಗ ಬದುಕಿದ್ದಾನೆಯೇ ಎಂದು ಆಯಿ, ಅಂದರೆ ನನ್ನ ಅಜ್ಜಿ, ಕೇಳಿದಾಗ ಆ ಮನುಷ್ಯ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟನಂತೆ.

"ನಾ ಹಡಗ ಹತ್ತೂ ತನಕಂತೂ ಇದ್ದ ನೋಡ್ರಿ."

ಆಮೇಲೆ ಯಾವ ಸುದ್ದಿಯೂ ಬರಲಿಲ್ಲ. ನಮ್ಮದು ಗುಡ್ಡದ ಅರಮನೆಯ ಕೆಳಗಿನ ಓಣಿಯಲ್ಲಿದ್ದ ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡಿಗೆಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕಂಬದಷ್ಟು ಬಿಸಿಲು ಇಳಿದು ಮಧ್ಯಾಹ್ನದ ಹೊತ್ತಿಗೆ ಗೋಡೆ ಏರಿ ಹೋಗುತ್ತಿತ್ತು. ಆ ಬಿಸಿಲಿನ ಜೊತೆ ಜೊತೆಗೇ ಜಾಗ ಬದಲಿಸುತ್ತ ಅವ್ವ ಗುಳೇದಗುಡ್ಡದ ಖಣಗಳನ್ನು ಕೈಯಲ್ಲಿ ಹೊಲಿದು ಕುಪ್ಪಸ ಮಾಡುತ್ತಿದ್ದಳು. ಅದರಿಂದಲೇ ಮೂವರ ಹೊಟ್ಟೆ ನಡೆಯಬೇಕು. ಆ ವರ್ಷಗಳಲ್ಲಿ ನಮ್ಮ ಮನೆಯ ಜಗಳವೆಲ್ಲ ಅವ್ವನ ಬಳೆಗಳದ್ದು. ಅವಳು ಮುತ್ತೈದೆಯೋ ವಿಧವೆಯೋ ಎಂದು ಓಣಿಯವರಿಗೆ ತಿಳಿಯದೆ, ತಪ್ಪು ಮಾಡುವುದಕ್ಕಿಂತ ಕರೆಯದಿರುವುದೇ ಮೇಲೆಂದು ಅವಳನ್ನು ಯಾವ ಸೀಮಂತಕ್ಕೂ ಯಾವ ತೊಟ್ಟಿಲಿಗೂ ಕರೆಯುತ್ತಿರಲಿಲ್ಲ. ಆಯಿ ಮಾತ್ರ ಪ್ರತಿ ಹಬ್ಬಕ್ಕೂ ಬಳೆಗಾರನನ್ನು ಕೂಗಿ ಕಟ್ಟೆಯ ಮೇಲೆ ಕೂರಿಸುತ್ತಿದ್ದಳು.

"ನನ್ನ ಮಗಾ ಸತ್ತಿಲ್ಲ. ಕೈ ಕೊಡು, ಬಳಿ ಇಡಸ್ಕೋ."

"ಇಡಸ್ಕೊಂಡು ಎಲ್ಲಿಗಿ ಹೋಗ್ಲಿರಿ ಅತ್ತಿ? ಯಾರ ಮನಿಗಿ?"

ಆಯಿ ಬೈಯುತ್ತಿದ್ದಳು, ಅಳುತ್ತಿದ್ದಳು. ಕೊನೆಗೆ ಅವ್ವ ಕೈ ಚಾಚುತ್ತಿದ್ದಳು, ಮುಖ ಮಾತ್ರ ಗೋಡೆಯ ಕಡೆ. ಬಳೆಗಾರ ಅವ್ವನ ಬೆರಳೆಲುಬು ಒತ್ತುವಾಗ ಆಕೆ ಉಸಿರು ಬಿಗಿಹಿಡಿಯುವುದನ್ನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ದುವಾಲಾ ಎಂದರೆ ನನಗೆ ಆಗ ಒಂದು ಊರಾಗಿರಲಿಲ್ಲ. ಅವ್ವ ಬಿಗಿಹಿಡಿದ ಆ ಉಸಿರಿನ ಹೆಸರು ಅದು.

ಒಂದು ಬೇಸಿಗೆಯ ಮಧ್ಯಾಹ್ನ, ಓಣಿಯ ನಾಯಿಗಳೂ ಬೊಗಳಲಾರದಷ್ಟು ಬಿಸಿಲಿದ್ದಾಗ, ಒಂದು ಎತ್ತಿನ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಅದರಿಂದ ಒಂದು ಹೊಲಿಗೆ ಮಷೀನು ಇಳಿಯಿತು, ತಗಡಿನ ಒಂದು ಟ್ರಂಕು ಇಳಿಯಿತು, ಕೆನ್ನೆ ಒಳಗೆ ಹೋಗಿದ್ದ ಎತ್ತರದ ಗಂಡಸೊಬ್ಬ ಇಳಿದ. ಆಮೇಲೆ ಅವನು ಗಾಡಿಯೊಳಗೆ ಎರಡೂ ಕೈ ಚಾಚಿ ಒಂದು ಹುಡುಗಿಯನ್ನು ಎತ್ತಿ ಇಳಿಸಿದ. ನನಗಿಂತ ಚಿಕ್ಕವಳು. ಹೆಂಚಿನ ಅಡಿಯಂಥ ಕಪ್ಪು ಬಣ್ಣ, ತಲೆಗೆ ಅಂಟಿದ ಸಣ್ಣ ಗುಂಗುರು ಕೂದಲು. ಮೈಮೇಲೆ ಸಿಪಾಯಿಯ ಅಂಗಿಯನ್ನು ಕತ್ತರಿಸಿ ಹೊಲಿದ ಖಾಕಿ ಲಂಗ. ಆಯಿ "ಈರ್‍ಯಾ" ಎಂದು ಕಿರುಚಿ ಮಗನನ್ನು ತಬ್ಬಿದಳು. ಅವ್ವ ನಡುಮನೆಯ ಬಾಗಿಲಲ್ಲಿ ಸೂಜಿ ಹಿಡಿದುಕೊಂಡೇ ನಿಂತಿದ್ದಳು. ಅವಳು ನೋಡುತ್ತಿದ್ದುದು ಗಂಡನನ್ನಲ್ಲ.

"ಯಾರ ಕೂಸೋ ಇದು?" ಆಯಿ ತಬ್ಬಿದ ಕೈ ಸಡಿಲಿಸಿ ಕೇಳಿದಳು.

"ನಂದ. ಇದರ ತಾಯಿ ಸತ್ತಾಳ, ಯವ್ವಾ. ಎಲ್ಲಿ ಬಿಡಲಿ?"

"ಹೆಸರರ ಏನು?"

"ದೀನಾ. ಅವರ ಮಾತಿನ್ಯಾಗ ದೀನಾ ಅಂದ್ರ ಹೆಸರು."

"ಅಂದ್ರ ಹೆಸರ ಇಲ್ಲದಾಕಿ," ಎಂದು ಆಯಿ ಒಳಗೆ ಹೋದಳು. ಅವಳು ಕೊನೆಯವರೆಗೂ ಆ ಮಗುವನ್ನು, ಕಪ್ಪಗಿದ್ದಾಳೆಂದು, ಕರೆವ್ವ ಎಂದೇ ಕರೆದಳು. ಓಣಿಯ ಮಂದಿ ಆಫ್ರಿಕಾದವಳೆಂದು ಹಬಶಿ ಎಂದರು. ಲಿಂಗ ಕಟ್ಟಿದವರ ಮನೆಯೊಳಗೆ ಮೀನು ತಿಂದು ಬೆಳೆದ ಕೂಸು ಹೇಗೆ ಬರಬೇಕು ಎಂದು ಮೊದಲ ದಿನಗಳಲ್ಲಿ ಆಯಿ ಅವಳನ್ನು ಪಡಸಾಲೆಯಿಂದ ಒಳಗೆ ಬಿಡಲಿಲ್ಲ. ಅವಳ ತಾಟು ಬೇರೆ, ನೀರಿನ ಚರಿಗೆ ಬೇರೆ, ಹಾಸಿಗೆ ಮಷೀನಿನ ಕೆಳಗೆ. ಅವಳು ರೊಟ್ಟಿಯನ್ನು ಮುರಿದು ಬಾಯಲ್ಲಿಟ್ಟು, ಉಗುಳಲೂ ಆಗದೆ ನುಂಗಲೂ ಆಗದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದಳು. ಅವ್ವ ಮಾತಾಡದೆ ಆ ರೊಟ್ಟಿ ತೆಗೆದು, ಅನ್ನ ಮೆತ್ತಗೆ ಮಾಡಿ ತಂದಿಡುತ್ತಿದ್ದಳು. ಹಬ್ಬಕ್ಕೆಂದು ಕಟ್ಟಿಟ್ಟ ಅಕ್ಕಿ ಅದು. ಇಡುವಾಗ ಅವಳು ಆ ಹುಡುಗಿಯ ಮುಖ ನೋಡುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ಕರುಣೆಯಿಂದ ಮಾಡುತ್ತಿದ್ದಳೋ ಹಟದಿಂದ ಮಾಡುತ್ತಿದ್ದಳೋ ನನಗೆ ಆಗ ತಿಳಿಯಲಿಲ್ಲ. ಇಂದಿಗೂ ಪೂರ್ತಿ ತಿಳಿದಿಲ್ಲ.

ಮಳೆಗಾಲದಲ್ಲಿ ಮಷೀನಿನ ಕೆಳಗೆ ಮಾಳಿಗೆ ಸೋರತೊಡಗಿದಾಗ ದೀನಾ ನನ್ನ ಕೌದಿಯೊಳಗೆ ಬಂದಳು. ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ. ನಾನು ಅವಳಿಗೆ ಮಾತು ಕಲಿಸಿದೆ. ಕಣ್ಣು, ಮೂಗು, ಬೆಕ್ಕು, ಬೆಲ್ಲ. ಅವಳು ನೀರು ತೋರಿಸಿ "ಮದಿಬಾ" ಎಂದರೆ ನಾನು ತಲೆ ಅಲ್ಲಾಡಿಸಿ "ನೀರು" ಎನ್ನುತ್ತಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತ ಹಾಗೆಯೇ ಹೇಳುತ್ತಿದ್ದಳು. ಒಂದು ವರ್ಷ ಕಳೆಯುವುದರೊಳಗೆ ಅವಳು ಆಯಿಯ ಹಾಗೆ ಸೊಂಟಕ್ಕೆ ಕೈಯಿಟ್ಟು "ಏನ ಬೇ?" ಎನ್ನಲು ಕಲಿತಳು. ಆಯಿ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನೀರಿಗೆ ಮದಿಬಾ ಎನ್ನುವುದನ್ನು ಅವಳು ಯಾವಾಗ ನಿಲ್ಲಿಸಿದಳೋ ನಾನು ಗಮನಿಸಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಎರಡು ದುವಾಲಾಗಳಿದ್ದವು. ಒಂದು ಪಡಸಾಲೆಯದು. ಅಪ್ಪ ಮಷೀನು ತುಳಿಯುತ್ತ, ಅಂಗಿ ಅಳತೆ ಕೊಡಲು ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದ. ವೂರಿ ಎಂಬ ಹೊಳೆ ಅಲ್ಲಿ ಸಮುದ್ರ ಸೇರುತ್ತದೆ, ನಮ್ಮ ಕೃಷ್ಣೆ ಮಹಾಪೂರ ಬಂದಾಗಲೂ ಅಷ್ಟು ಅಗಲವಾಗುವುದಿಲ್ಲ. ಹಡಗುಗಳು ಸಾಲಾಗಿ ನಿಂತು ಅಡವಿಯಿಂದ ತೇಲಿಬಂದ ಮರದ ದಿಮ್ಮಿಗಳನ್ನು ತುಂಬಿಕೊಳ್ಳುತ್ತವೆ. ಮೊದಲು ಜರ್ಮನರು ಆಳಿದರು, ಈಗ ಫ್ರೆಂಚರು. ಜರ್ಮನರು ನೆಟ್ಟ ಮಾವಿನ ಮರದ ಕೆಳಗೆ ಫ್ರೆಂಚರು ಕುರ್ಚಿ ಹಾಕಿ ಕೂರುತ್ತಾರೆ. ಕೇಳಿದವರು ಬಾಯಿ ತೆರೆದು ಕೂರುತ್ತಿದ್ದರು. ಅಪ್ಪ ಚೆನ್ನಾಗಿ ಹೇಳುತ್ತಿದ್ದ. ಅವನ ದುವಾಲಾದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಇನ್ನೊಂದು ಕೌದಿಯೊಳಗಿನದು. ದೀನಾಳ ದುವಾಲಾದಲ್ಲಿ ಯಾವಾಗಲೂ ಮಳೆ. ಅರಿವೆ ಎಂದೂ ಒಣಗುವುದಿಲ್ಲ, ಗೋಡೆ ಹಸಿರಾಗುತ್ತದೆ, ಮಳೆ ನಿಂತ ದಿನ ಬೆಳಗಾಗುತ್ತಲೇ ಬಹಳ ದೂರದಲ್ಲಿ ಒಂದು ದೊಡ್ಡ ಗುಡ್ಡ ಕಾಣಿಸಿಕೊಂಡು ಎಲ್ಲರೂ ಅದನ್ನು ನೋಡಲು ಹೊರಗೆ ಬರುತ್ತಾರೆ. ಉದ್ದದ ದೋಣಿಗಳಲ್ಲಿ ಗಂಡಸರು ಸಾಲಾಗಿ ಕುಳಿತು ಹಾಡುತ್ತ ಹುಟ್ಟು ಹಾಕುತ್ತಾರೆ. ಸೀಗಡಿ ಹೆಚ್ಚಾದ ದಿನಗಳಲ್ಲಿ ಮಕ್ಕಳು ಬುಟ್ಟಿ ತೆಗೆದುಕೊಂಡು ಕೆಸರಿನಲ್ಲಿ ಓಡುತ್ತಾರೆ. ಮನೆಯ ಹಿತ್ತಲಲ್ಲಿ ಮೀನಿಗೆ ಹೊಗೆ ಹಾಕುತ್ತಾರೆ. ಯಾರು ಹಾಕುತ್ತಾರೆ ಎಂದು ನಾನು ಕೇಳಲಿಲ್ಲ. ತಾಯಿ ಸತ್ತವಳ ಮುಂದೆ ತಾಯಿಯ ಮಾತು ತೆಗೆಯಬೇಡ ಎಂದು ಆಯಿ ನನಗೆ ಹೇಳಿದ್ದಳು.

ಮುಂದಿನ ಶ್ರಾವಣದಲ್ಲಿ ಗಂಗಾಪೂಜೆಗೆಂದು ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು, ಓಣಿಯವರ ಗಾಡಿಯಲ್ಲಿ ಹಿಪ್ಪರಗಿಗೆ ಹೊರಟಳು. ಗಂಡ ಬಂದಮೇಲೆ ಓಣಿಯವರು ಅವಳನ್ನು ಮತ್ತೆ ಕರೆಯತೊಡಗಿದ್ದರು. ಕೃಷ್ಣೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಅಂಬಿಗರು ದಂಡೆಯಲ್ಲಿ ದೋಣಿ ಮಗುಚಿ ಹಾಕಿ, ಪಕ್ಕದಲ್ಲಿ ಬೆಂಕಿ ಮಾಡಿ ಮೀನು ಸುಡುತ್ತಿದ್ದರು. ದೀನಾ ಗಾಡಿಯಿಂದ ಇಳಿದವಳೇ ಗಾಳಿಗೆ ಮೂಗೊಡ್ಡಿ ನಿಂತಳು. ಆಮೇಲೆ ಓಡಿದಳು. ನಾವು ಮೀನಿನ ಕಡೆಗೆ ಹೋದಳೆಂದುಕೊಂಡೆವು. ಅವಳು ಸೀದಾ ನೀರಿಗೆ ಇಳಿದಳು. ಮೊಣಕಾಲು ಮುಳುಗುವವರೆಗೆ ಹೋಗಿ, ಆಚೆ ದಂಡೆಯ ಕಡೆ ತಿರುಗಿ, "ಇಯೋ! ಇಯೋ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಅವ್ವ ನೈವೇದ್ಯದ ಬುಟ್ಟಿ ಕೈಬಿಟ್ಟು, ಸೀರೆಸಮೇತ ನೀರಿಗೆ ನುಗ್ಗಿ ಅವಳ ಸೊಂಟ ಹಿಡಿದು ಎಳೆದಳು. ಅವ್ವ ಆ ಮಗುವನ್ನು ಮುಟ್ಟಿದ್ದು ಅದೇ ಮೊದಲು.

"ಯಾರನ್ನ ಕರ್‍ಯಾಕತ್ತೀ? ಇಯೋ ಅಂದ್ರ ಏನು?"

"ಅವ್ವ," ಎಂದಳು ದೀನಾ, ಹಲ್ಲು ಕಟಕಟಿಸುತ್ತ. "ನಮ್ಮವ್ವ. ಹೊಳಿ ಬಂತಲ್ಲ. ಇಲ್ಲಿ ಇಲ್ಲೇನು?"

"ನಿಮ್ಮವ್ವ ಸತ್ತಾಳವ್ವ."

"ಇಲ್ಲ. ಸತ್ತಿಲ್ಲ. ಅವ್ವ ಸಂತಿಗಿ ಮೀನ ಮಾರಾಕ ಹೋಗಿದ್ಲು. ಅಪ್ಪ ಹಡಗ ನೋಡೂನ ಬಾ ಅಂದ. ನಾವು ಹಡಗ ನೋಡಾಕ ಹ್ವಾದ್ವಿ. ಆಮ್ಯಾಲ ಅದು ನಡೀತು."

ಅವ್ವ ಕೇಳಿದ್ದನ್ನೇ ಬೇರೆ ಬೇರೆ ರೀತಿಯಲ್ಲಿ ಮತ್ತೆ ಕೇಳಿದಳು. ಅವತ್ತು ಬೆಳಿಗ್ಗೆ ನಿಮ್ಮವ್ವ ಏನು ಉಟ್ಟಿದ್ದಳು, ಹೋಗುವಾಗ ಏನು ಹೇಳಿದಳು. ಮಗು ಪ್ರತಿಯೊಂದಕ್ಕೂ ತಡಮಾಡದೆ ಉತ್ತರ ಕೊಟ್ಟಿತು. ನೀಲಿ ಹೂವಿನ ಅರಿವೆ ಉಟ್ಟಿದ್ದಳು. ಮಳೆಯಲ್ಲಿ ಆಡಬೇಡ ಅಂದಿದ್ದಳು. ಪೂಜೆ ಮಾಡದೆಯೇ ನಾವು ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಆ ಹುಡುಗಿಯನ್ನು ಒದ್ದೆ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನಾನು ಎದುರಿಗೆ ಕುಳಿತು ಅವ್ವನ ಮುಖ ನೋಡುತ್ತಿದ್ದೆ. ಅದು ಬಳೆ ಇಡಿಸಿಕೊಳ್ಳುವಾಗಿನ ಮುಖ.

ಮನೆಗೆ ಬಂದಾಗ ಅಪ್ಪ ಮಷೀನಿನ ಮುಂದಿದ್ದ. ಅವ್ವ ಒಳಗೆ ಹೋಗಲಿಲ್ಲ.

"ಅಕಿ ಸತ್ತಾಳ ಅಂದಿದ್ದಿ."

ಅಪ್ಪನ ಕಾಲು ನಿಂತಿತು. ಅವನು ದೀನಾಳನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಕೇಳಿದ್ರ ಕೊಡತಿದ್ದಿಲ್ಲ ಅಕಿ," ಎಂದ ಮೆಲ್ಲಗೆ. "ನನಗ ಊರ ನೆನಪಾಗಿತ್ತು. ನೀವೆಲ್ಲಾ ನೆನಪಾಗಿದ್ರಿ. ಕೂಸಿನ್ನ ಬಿಟ್ಟ ಬರಾಕ ಮನಸಾಗಲಿಲ್ಲ."

"ನೀಲೀನ ಬಿಟ್ಟ ಹೋಗಾಕ ಮನಸಾಗಿತ್ತಲ್ಲ?"

ನೀಲಿ ನಾನು. ನಾನು ಅಲ್ಲೇ ಕಂಬಕ್ಕೆ ಆತುಕೊಂಡು ನಿಂತಿದ್ದೆ. ಅಪ್ಪ ನನ್ನ ಕಡೆ ನೋಡುತ್ತಾನೆಂದು ಕಾದೆ. ಅವನು ನೋಡಲಿಲ್ಲ. ಅಂದಿನಿಂದ ನನ್ನ ಬದುಕಿನಲ್ಲಿ ಯಾರಾದರೂ ನನ್ನನ್ನು ಬಹಳ ಪ್ರೀತಿಸುತ್ತೇನೆ ಎಂದಾಗಲೆಲ್ಲ ನಾನು ಅವರ ಕಣ್ಣು ಎಲ್ಲಿದೆ ಎಂದು ಮೊದಲು ನೋಡಿದ್ದೇನೆ.

"ನನಗ ಮುಧೋಳದಾಂವ ಬಂದು ಅಷ್ಟರ ಹೇಳಿದ್ದ," ಎಂದಳು ಅವ್ವ. ಅವಳ ದನಿ ಏರಲಿಲ್ಲ. "ಅಕಿಗಿ ಹೇಳಾವ್ರ ಯಾರು? ನೀ ಹ್ವಾದಾಗ ನಾ ಗಂಡನ್ನ ಅಷ್ಟ ಕಳಕೊಂಡಿದ್ದೆ. ಅಕಿ ಸಂತಿಯಿಂದ ಬಂದು ನೋಡಿದ್ರ ಕೂಸೂ ಇಲ್ಲ. ಹೊಳ್ಯಾಗ ಹುಡುಕಿರಬೇಕ. ಇನ್ನೂ ಹುಡುಕಾಕತ್ತಿರಬೇಕ. ಒಯ್ದು ಕೊಟ್ಟ ಬಾ."

ಆಗ ಆಯಿ ಒಳಗಿನಿಂದ ಬಂದಳು. ಮನೆಯಲ್ಲಿ ಅಷ್ಟು ದೊಡ್ಡ ಜಗಳ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಸಿಕ್ಕ ಮಗನನ್ನು ಮತ್ತೆ ಸಮುದ್ರಕ್ಕೆ ಹಾಕುತ್ತೀಯಾ ಎಂದು ಆಯಿ ನೆಲಕ್ಕೆ ಕೈ ಬಡಿದಳು. ಅಲ್ಲಿ ಯಾರೋ ಒಬ್ಬಾಕೆ ಅಳುತ್ತಾಳೆಂದು ಇಲ್ಲಿ ನಾನು ಅಳಬೇಕೇ ಎಂದಳು. ಕರೆವ್ವ ಇಲ್ಲೇ ಇರಲಿ, ನಾನೇ ನೋಡಿಕೊಳ್ಳುತ್ತೇನೆ, ನನ್ನ ತಾಟಿನಲ್ಲೇ ಉಣ್ಣಿಸುತ್ತೇನೆ ಎಂದಳು. ಹಾಗೆ ಉಣ್ಣಿಸಿದಳು ಕೂಡ. ಆ ರಾತ್ರಿಯಿಂದ ದೀನಾ ಅಡಿಗೆಮನೆಯೊಳಗೆ ಆಯಿಯ ಪಕ್ಕ ಕುಳಿತು ಉಂಡಳು. ನಾನೂ ಆಯಿಯ ಪಕ್ಷ. ನನಗೆ ತಂಗಿ ಬೇಕಾಗಿತ್ತು. ಅವ್ವ ಅಪ್ಪನ ಜೊತೆ ಮಾತು ನಿಲ್ಲಿಸಿದಳು. ಅವನ ತಾಟು ಇಟ್ಟು ಹೋಗುವಳು, ಅವನ ಅಂಗಿ ಒಗೆದು ಹಾಕುವಳು, ಮಾತಿಲ್ಲ. ಮಳೆ ಹೋಯಿತು, ಚಳಿ ಹೋಯಿತು, ಮತ್ತೊಂದು ಮಳೆಗಾಲ ಬಂತು. ಅಪ್ಪನ ಕತೆಗಳು ಒಣಗಿದವು. ಬಂದವರು ದುವಾಲಾದ ಮಾತು ತೆಗೆದರೆ ಅವನು ಮಷೀನು ಜೋರಾಗಿ ತುಳಿಯತೊಡಗಿದ. ಕೊನೆಗೆ ಒಂದು ಬೆಳಿಗ್ಗೆ ಅವ್ವ ತನ್ನ ಕೊರಳಿನ ಬಂಗಾರದ ಗುಂಡಿನ ಸರ ಬಿಚ್ಚಿ ಮಷೀನಿನ ಹಲಗೆಯ ಮೇಲೆ ಇಟ್ಟಳು. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ಎತ್ತಿ ಜೇಬಿಗೆ ಹಾಕಿಕೊಂಡ.

ಕುಡಚಿ ಸ್ಟೇಶನ್ನಿಗೆ ಹೋಗುವ ಗಾಡಿ ಬಾಗಿಲಿಗೆ ಬಂದ ದಿನ ಆಯಿ ಹಾಸಿಗೆ ಬಿಟ್ಟು ಏಳಲಿಲ್ಲ. ಅವ್ವ ದೀನಾಳಿಗೆ ಖಣದ ಹೊಸ ಲಂಗ ಹೊಲಿದಿದ್ದಳು, ಅಂಚಿಗೆ ಮೂರು ಮಡಿಕೆ ಬಿಟ್ಟು, ಬೆಳೆದರೂ ಬರಲಿ ಎಂದು. ಅದನ್ನು ತೊಡಿಸಿ ಗುಂಡಿ ಹಾಕುವಾಗ ದೀನಾ ಎಲ್ಲಿಗೆ ಎಂದು ಕೇಳಿದಳು.

"ನಿಮ್ಮವ್ವನ ಕಡೆ."

"ಅವ್ವ, ನೀ ಇಲ್ಲೇ ಅದಿಯಲ್ಲ?"

ಅವ್ವನ ಕೈ ಗುಂಡಿಯ ಮೇಲೆ ನಿಂತಿತು. ಹೊಳೆಯ ದಂಡೆಯಲ್ಲಿ ಕೂಗಿದ್ದ ಇಯೋ ಎಂಬ ಆ ಮಾತನ್ನು ಒಂದು ವರ್ಷದಲ್ಲಿ ದೀನಾ ಮರೆತಿದ್ದಳು. ತನ್ನ ತಾಯಿಯ ಮಾತಿನಲ್ಲಿ ಅವಳಿಗೆ ಉಳಿದದ್ದು ತನ್ನ ಹೆಸರೊಂದೇ.

"ನಾ ನಿಮ್ಮವ್ವ ಅಲ್ಲ," ಎಂದಳು ಅವ್ವ. ಕಲ್ಲು ಎತ್ತಿ ಹಾಕಿದಂತೆ ಹೇಳಿದಳು. ದೀನಾ ಅತ್ತಳು, ನನ್ನ ಕೈ ಹಿಡಿದುಕೊಂಡು ಗಾಡಿಯ ತನಕ ಬಂದಳು, ನಾನೂ ಹತ್ತುತ್ತೇನೆಂದುಕೊಂಡಿದ್ದಳು. ಅಪ್ಪ ಅವಳ ಬೆರಳು ಬಿಡಿಸಿದ. ಗಾಡಿ ಓಣಿ ತಿರುಗುವಾಗ ಅವಳು "ನೀಲಕ್ಕಾ" ಎಂದು ಕೂಗಿದ್ದನ್ನು ಕೇಳಿ ನಾನು ಒಳಗೆ ಓಡಿ ಅವ್ವನ ಬೆನ್ನಿಗೆ ಗುದ್ದಿದೆ. ಅವಳು ತಿರುಗಲೂ ಇಲ್ಲ, ಬೈಯಲೂ ಇಲ್ಲ.

ಆಮೇಲಿನ ಮನೆ ಮತ್ತೆ ಮೊದಲಿನ ಮನೆಯಾಯಿತು. ಬೆಳಕಿಂಡಿಯ ಬಿಸಿಲು, ಖಣಗಳು, ಮೂವರು ಹೆಂಗಸರು. ಬಳೆಗಾರ ಬಂದಾಗ ಆಯಿ ಈಗ ಕೂಗಲಿಲ್ಲ. ಅವಳು ಸೊಸೆಯ ಕೈಯ ನೀರು ಕುಡಿಯುವುದನ್ನೂ ಬಿಟ್ಟಿದ್ದಳು, ನಾನೇ ಕೊಡಬೇಕು. ಚಳಿಗಾಲದಲ್ಲಿ ಜ್ವರ ಬಂದು ಮಲಗಿದವಳು, ಈರ್‍ಯಾ ಬಂದನೇ ಎಂದು ಕೇಳುತ್ತ, ಕೆಲವೊಮ್ಮೆ ಕರೆವ್ವ ಉಂಡಳೇ ಎಂದು ಕೇಳುತ್ತ, ಒಂದು ಮುಂಜಾನೆ ತೀರಿಕೊಂಡಳು. ಮಣ್ಣು ಕೊಡಲು ಮಗನಿರಲಿಲ್ಲ. ಓಣಿಯ ಮಂದಿ ಅವ್ವನ ಮುಖಕ್ಕೇ ಹೇಳಿದರು, ಇದು ನಿನ್ನ ಕೆಲಸ ಎಂದು. ಅವ್ವ ತಲೆ ಬಗ್ಗಿಸಿ ಕೇಳಿಸಿಕೊಂಡಳು. ಅವಳನ್ನು ಅವರು ಮತ್ತೆ ಕರೆಯುವುದನ್ನು ಬಿಟ್ಟರು.

ಅಪ್ಪ ಬಂದದ್ದು ಅದರ ಮುಂದಿನ ವರ್ಷ, ಜೋಳದ ಸುಗ್ಗಿಯ ಕಾಲದಲ್ಲಿ. ನಡೆದುಕೊಂಡೇ ಬಂದ. ಕೂದಲೆಲ್ಲ ನೆರೆತಿತ್ತು. ಆಯಿ ಇಲ್ಲವೆಂಬುದು ಅವನಿಗೆ ಓಣಿಯ ತುದಿಯಲ್ಲೇ ತಿಳಿದಿತ್ತು. ಅತ್ತು ಮುಗಿಸಿದ ಮುಖ ಹೊತ್ತು ಪಡಸಾಲೆಯಲ್ಲಿ ಕುಳಿತ. ಅವ್ವ ಬಂದು ಕಂಬದ ಪಕ್ಕ ನಿಂತಳು. ಅಷ್ಟು ಕಾಲದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು.

"ಮುಟ್ಟಿಸಿದ್ಯಾ?"

"ಮುಟ್ಟಿಸಿದೆ."

ಆಮೇಲೆ ತಾನಾಗಿಯೇ ಹೇಳಿದ. ಪಡಸಾಲೆಗೆ ಬಂದವರಿಗೆ ಹೇಳುತ್ತಿದ್ದ ಹಾಗಲ್ಲ, ತಡೆತಡೆದು.

"ಇಳದಾಗ ಮಳಿ ಇತ್ತು. ಅಕಿ ಅದ ಮನ್ಯಾಗ ಇದ್ಲು. ಹಿತ್ತಲದಾಗ ಮೀನಿಗಿ ಹೊಗಿ ಹಾಕಾಕತ್ತಿದ್ಲು. ನಾ ಹಿಂದ ನಿಂತು ಕೂಸಿನ್ನ ಮುಂದ ಬಿಟ್ಟೆ. 'ಅವ್ವಾ, ನಾ ಬಂದ್ನಿ' ಅಂತು ಇದು. ಅಕಿಗಿ ತಿಳೀಲಿಲ್ಲ. ಅಕಿ ಏನೋ ಕೇಳಿದ್ಲು, ಇದಕ ತಿಳೀಲಿಲ್ಲ. ಇಬ್ರೂ ಮಾರಿ ಮಾರಿ ನೋಡಕೋತ ನಿಂತ್ರು. ಆಮ್ಯಾಲ ಅಕಿ ಕೈ ಒರಿಸ್ಕೊಂಡು ಬಂದು, ಇದರ ಗದ್ದಾ ಹಿಡದು ಬಾಯಿ ತೆರಸಿ ಹಲ್ಲ ನೋಡಿದ್ಲು. ನಾ ತಂದಾಗ ಹಾಲಹಲ್ಲ ಇದ್ವು. ಈಗ ದೊಡ್ಡವು ಬಂದಾವ. ಹಲ್ಲ ನೋಡಿ ಅಕಿ ಕುಸದ ಕುಂತ್ಲು. 'ದೀನಾ' ಅಂದ್ಲು. ಇದು 'ಹೂಂ' ಅಂತು."

"ನಿನ್ನ ನೋಡಿದ್ಲು?"

"ನೋಡಿದ್ಲು. ಕೂಸಿನ್ನ ಒಳಗ ಎಳಕೊಂಡು ಬಾಗಲಾ ಹಾಕ್ಕೊಂಡ್ಲು."

"ಬಡದಿ?"

"ಬಡದೆ. ಮರುದಿನಾನೂ ಹ್ವಾದೆ. ಒಳಗ ಇಬ್ರ ದನೀನೂ ಕೇಳಾಕತ್ತಿತ್ತು. ತಗೀಲಿಲ್ಲ."

ಅವ್ವನ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ದೂರದ ನೆಂಟರ ಒಳ್ಳೆಯ ಸುದ್ದಿ ಕೇಳಿದಾಗ ಒಬ್ಬಳೇ ಉಳಿದುಬಿಟ್ಟ ಹೆಂಗಸಿನ ಮುಖ ಹೇಗಿರುತ್ತದೋ ಹಾಗಿತ್ತು.

"ಬಾಗಲಾ ಹಾಕೂ ಬುದ್ಧಿ ನನಗ ಬರಲಿಲ್ಲ ನೋಡು," ಎಂದು ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು.

ನಾನು ಅಪ್ಪನನ್ನು ಕೇಳಿದೆ, ದೀನಾ ನನಗೆ ಏನಾದರೂ ಹೇಳಿಕಳಿಸಿದ್ದಾಳೆಯೇ ಎಂದು. ಹೇಳಲು ಹೊತ್ತು ಸಿಗಲಿಲ್ಲ ಎಂದ. ಹಡಗಿನಲ್ಲಿ ನನ್ನ ಮಾತು ಆಡುತ್ತಿದ್ದಳೇ ಎಂದು ಕೇಳಿದೆ. ಅವನು ಬಹಳ ಯೋಚಿಸಿ, ನೆನಪಿಲ್ಲ ಎಂದ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಶುರುವಾಗಿ, ಬಹಳ ಹೊತ್ತು ನಡೆದು, ನಿಂತಿತು.

"ನೀಲೀ," ಎಂದು ಕರೆದಳು. "ನಿಮ್ಮಪ್ಪಗ ಕೈಗಿ ನೀರ ಕೊಡು."

ನಾನು ಕುಳಿತಲ್ಲಿಂದ ಏಳಲಿಲ್ಲ. ಅವ್ವ ಮತ್ತೊಮ್ಮೆ ಕರೆಯಲಿಲ್ಲ. ಸ್ವಲ್ಪ ಹೊತ್ತಾದಮೇಲೆ ಅಪ್ಪ ತಾನೇ ಎದ್ದು, ಮೂಲೆಯಲ್ಲಿದ್ದ ಚರಿಗೆ ತೆಗೆದುಕೊಂಡು ಬಚ್ಚಲಿಗೆ ಹೋದ.